ಕ್ರೀಮ್ ಲೆಗ್‌ಬಾರ್: ನೀಲಿ ಮೊಟ್ಟೆಯ ಕೋಳಿ, ಎರಡು ಸಲ ಮರಿ ಮಾಡಿಸಿದ ಮೇಲೆ

ನೀಲಿ ಮೊಟ್ಟೆ ಇಡುವ ಕೋಳಿ ಸಾಕಬೇಕು ಅಂತ ಆಸೆ ಇರುವವರು ಮೊದಲು ನನ್ನ ಈ ಲೆಕ್ಕ ನೋಡಿ. 2023ರಲ್ಲಿ ಅಂಚೆಯಲ್ಲಿ ತರಿಸಿದ 6 ಮೊಟ್ಟೆಯಲ್ಲಿ ಮರಿಯಾಗಿದ್ದು 2. ಎರಡೂ ಹುಂಜ. 2024ರಲ್ಲಿ ನಾನೇ ಹೋಗಿ ತಂದ 12 ಮೊಟ್ಟೆಯಲ್ಲಿ ಮರಿಯಾಗಿದ್ದು 9. ಅದರಲ್ಲಿ 5 ಹೇಂಟೆ, 4 ಹುಂಜ. ತಳಿ ಒಂದೇ, ಇನ್‌ಕ್ಯುಬೇಟರ್ ಒಂದೇ, ಇಟ್ಟ ಜಾಗ ಕೂಡ ಅದೇ, ನಮ್ಮ ಅಡುಗೆಮನೆ ಪಕ್ಕದ ಚಿಕ್ಕ ಕೋಣೆ. ಬೇರೆ ಆಗಿದ್ದು ಮೊಟ್ಟೆ ಎಲ್ಲಿಂದ ಬಂತು, ಹೇಗೆ ಬಂತು ಅನ್ನೋದು ಮಾತ್ರ.

ನಾನು ಅರಕಲಗೂಡು ಕಡೆಯವಳು. ಈಗ ಇರುವುದು ಇಂಗ್ಲೆಂಡಿನಲ್ಲಿ, ಕೇಂಬ್ರಿಜ್‌ನಿಂದ ಸ್ವಲ್ಪ ಆಚೆ ಒಂದು ಹಳ್ಳಿಯಲ್ಲಿ. ಮನೆಯ ಹಿಂದೆ ಉದ್ದನೆಯ ಹಿತ್ತಲಿದೆ. ಅದರಾಚೆ ಗೋಧಿ ಹೊಲ. 2022ರಲ್ಲಿ ಎರಡು ಕಂದು ಹೈಬ್ರಿಡ್ ಹೇಂಟೆ ತಂದೆವು. ಅದಾಗಿ ಕೆಲವು ತಿಂಗಳಿಗೆ ವೇಟ್‌ರೋಸ್ ಅಂಗಡಿಯಲ್ಲಿ ಕ್ಲಾರೆನ್ಸ್ ಕೋರ್ಟ್‌ನವರ ಮೊಟ್ಟೆ ಡಬ್ಬಿ ಕಂಡಿತು. ಓಲ್ಡ್ ಕಾಟ್ಸ್‌ವೋಲ್ಡ್ ಲೆಗ್‌ಬಾರ್ ಅಂತ ಹೆಸರು. ತೆರೆದರೆ ತಿಳಿ ನೀಲಿ ಮೊಟ್ಟೆಗಳು. ನಮ್ಮೂರಲ್ಲಿ ಹಬ್ಬಕ್ಕೆ ಸುಣ್ಣದ ಜೊತೆ ಚೂರು ನೀಲಿ ಬೆರೆಸಿ ಗೋಡೆ ಬಳಿಯುತ್ತಿದ್ದರಲ್ಲ, ಥೇಟ್ ಆ ಬಣ್ಣ. ನನ್ನ ಮಗಳು ಡಬ್ಬಿಯನ್ನು ಕೈಯಿಂದ ಕೆಳಗೆ ಇಡಲೇ ಇಲ್ಲ. ಆ ಕೋಳಿ ನಮ್ಮ ಮನೆಗೇ ಬರಲಿ ಅಂತ ಹಟ ಹಿಡಿದಳು. ನಿಜ ಹೇಳಬೇಕೆಂದರೆ ನನಗೂ ಅದೇ ಆಸೆ.

ಅವ್ವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

"ಬಣ್ಣ ಹಚ್ಚವ್ರೇನೋ ಕಣವ್ವ, ತೊಳ್ದು ನೋಡು" ಅಂದಳು.

ತೊಳೆದೆ. ಹೋಗಲಿಲ್ಲ. ಹೋಗುವುದೂ ಇಲ್ಲ. ಇದನ್ನು ನೀವೇ ನೋಡಬಹುದು. ಒಂದು ಕಂದು ಮೊಟ್ಟೆ, ಒಂದು ನೀಲಿ ಮೊಟ್ಟೆ ಒಡೆದು, ಚಿಪ್ಪಿನ ಒಳಗಿರುವ ತೆಳು ಪೊರೆಯನ್ನು ಉಗುರಲ್ಲಿ ಸುಲಿದು ತೆಗೆಯಿರಿ. ಕಂದು ಮೊಟ್ಟೆಯ ಚಿಪ್ಪು ಒಳಗಡೆ ಬಿಳಿ. ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ಪೂರ್ತಿಯಾಗುವ ಹೊತ್ತಿಗೆ, ಕೊನೆಯಲ್ಲಿ ಮೇಲುಮೇಲೆ ಹತ್ತುವ ಬಣ್ಣ ಅದು. ನೀಲಿ ಮೊಟ್ಟೆಯ ಚಿಪ್ಪು ಹೊರಗೂ ನೀಲಿ, ಒಳಗೂ ನೀಲಿ. ಚಿಪ್ಪು ಕಟ್ಟುವಾಗಲೇ ಬಣ್ಣ ಅದರೊಳಗೆ ಸೇರಿಕೊಂಡು ಹೋಗುತ್ತದೆ. ಆ ಬಣ್ಣದ ಹೆಸರು ಬಿಲಿವರ್ಡಿನ್. ಮೈಗೆ ಪೆಟ್ಟು ಬಿದ್ದ ಜಾಗ ನಾಲ್ಕೈದು ದಿನಕ್ಕೆ ಹಸಿರುಗಟ್ಟುತ್ತದಲ್ವಾ, ಅದೂ ಇದೇ. ಮಗಳು ಎರಡು ಚಿಪ್ಪಿನ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು. ಆ ಚೂರುಗಳು ಇನ್ನೂ ಅವಳ ಪೆನ್ಸಿಲ್ ಡಬ್ಬಿಯಲ್ಲಿವೆ.

ಈಗ ಮೊದಲ ಸಲದ ಕಥೆ. ಆನ್‌ಲೈನ್‌ನಲ್ಲಿ ಒಬ್ಬರು ಮಾರುತ್ತಿದ್ದರು. 6 ಮೊಟ್ಟೆಗೆ 18 ಪೌಂಡ್, ಅಂಚೆ ಖರ್ಚು ಬೇರೆ. ಅವರು ಹಾಕಿದ್ದ ಫೋಟೋದಲ್ಲಿ ಮೊಟ್ಟೆಗಳು ಗಾಢ ನೀಲಿ. ಬಂದಿದ್ದರಲ್ಲಿ 2 ನೀಲಿ, 4 ಹಸಿರು ಕಡೆಗೆ ತಿರುಗಿದ ತಿಳಿ ಬಣ್ಣ. ಫೋಮ್ ಪೆಟ್ಟಿಗೆಯಲ್ಲಿ ಚೆನ್ನಾಗಿಯೇ ಇಟ್ಟಿದ್ದರು, ಒಂದೂ ಒಡೆದಿರಲಿಲ್ಲ. ಆದರೆ ಒಡೆಯದಿದ್ದರೆ ಸಾಲದು. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಯ ಗುಳಿ ಇರುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ದಾರಿಯಲ್ಲಿ ಕುಲುಕಾಡಿದರೆ ಆ ಗುಳಿ ಸಡಿಲವಾಗಿ ಅತ್ತಿತ್ತ ತೇಲುತ್ತದೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ನನ್ನ 6ರಲ್ಲಿ 4ಕ್ಕೆ ಹಾಗಾಗಿತ್ತು. ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೇ ಇಟ್ಟು, ಆಮೇಲೆ ಇನ್‌ಕ್ಯುಬೇಟರ್‌ಗೆ ಹಾಕಿದೆ. 7ನೇ ದಿನ ನೋಡಿದಾಗ 2 ಬರಡು. ಒಂದರಲ್ಲಿ ರಕ್ತದ ಉಂಗುರ. ಅಂದರೆ ಜೀವ ಶುರುವಾಗಿ ನಿಂತುಹೋಗಿದೆ. ಉಳಿದ 3ರಲ್ಲಿ 2 ಮರಿಯಾದವು. ಮಾರಿದವರಿಗೆ ಬರೆದೆ. ಅಂಚೆಯಲ್ಲಿ ಹೀಗೆಲ್ಲ ಆಗುತ್ತೆ, ನಾವು ಜವಾಬ್ದಾರರಲ್ಲ ಅಂದರು. ಅವರ ಮಾತಲ್ಲಿ ಸ್ವಲ್ಪ ನಿಜ ಇದೆ. ಆದರೆ ಕೊಳ್ಳುವ ಮುಂಚೆಯೇ ಹೇಳಬಹುದಿತ್ತು ಅಲ್ವಾ? ಅಂಚೆಯಲ್ಲಿ ಮರಿ ಮೊಟ್ಟೆ ತರಿಸುವುದಕ್ಕೆ ನಾನು 5ಕ್ಕೆ 1 ಅಂಕ ಕೊಡುತ್ತೇನೆ.

ಆ ಎರಡು ಹುಂಜಗಳಿಗೆ ಬೇರೆ ಮನೆ ಹುಡುಕಲು ಮೂರು ತಿಂಗಳು ಹಿಡಿಯಿತು. ಇಲ್ಲಿ ಹುಂಜ ಯಾರಿಗೂ ಬೇಡ. ಊರಲ್ಲಿ ನಮ್ಮಜ್ಜಿಗೆ ಈ ಚಿಂತೆಯೇ ಇರಲಿಲ್ಲ. ಹೇಂಟೆಯಾದರೆ ಮೊಟ್ಟೆಗೆ, ಹುಂಜವಾದರೆ ಹಬ್ಬಕ್ಕೋ ಸಂತೆಗೋ. ಮರಿ ಹೆಣ್ಣೋ ಗಂಡೋ ಅಂತ ತಿಳಿಯಲು ಒಂದೂವರೆ ತಿಂಗಳು ಕಾದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕೂಗುವ ಹುಂಜ ಇದ್ದರೆ ಪಕ್ಕದ ಮನೆಯವರ ಜೊತೆ ಸಂಬಂಧವೇ ಹಾಳು. ಹಾಗಾಗಿ ಈ ತಳಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸಿದ್ದು ನೀಲಿ ಬಣ್ಣ ಅಲ್ಲ. ಮೊಟ್ಟೆಯಿಂದ ಹೊರಗೆ ಬಂದ ದಿನವೇ ಇದು ಹೇಂಟೆ, ಇದು ಹುಂಜ ಅಂತ ಕಣ್ಣಲ್ಲೇ ಹೇಳಬಹುದು, ಅದು.

ಅದು ಹೇಗೆ ಅಂತ ಹೇಳುವ ಮುಂಚೆ ಈ ಕೋಳಿ ಹುಟ್ಟಿದ ಕಥೆ ಹೇಳಬೇಕು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಬೆಳೆಯಲು ಅದೂ ಒಂದು ಕಾರಣ.

ಹಾಸನದಲ್ಲಿ ಪಿಯುಸಿ ಓದುವಾಗ ಜೀವಶಾಸ್ತ್ರದ ನೋಟ್ಸಿನಲ್ಲಿ ಪನ್ನೆಟ್ ಚೌಕ ಬರೆದದ್ದು ನೆನಪಿದೆಯಾ? ನಾಲ್ಕು ಮನೆಯ ಪೆಟ್ಟಿಗೆ, ಮೇಲೆ ಅಪ್ಪನ ಗುಣ, ಪಕ್ಕದಲ್ಲಿ ಅಮ್ಮನ ಗುಣ. ಬಟಾಣಿ ಗಿಡ ಎತ್ತರ, ಕುಳ್ಳ. ಆ ಪನ್ನೆಟ್ ಅಂದರೆ ರೆಜಿನಾಲ್ಡ್ ಪನ್ನೆಟ್. 1912ರಲ್ಲಿ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಮೊದಲ ಆರ್ಥರ್ ಬಾಲ್ಫರ್ ಪ್ರೊಫೆಸರ್ ಆದವರು. ಅವರ ಕೆಲಸದಲ್ಲಿ ದೊಡ್ಡ ಪಾಲು ಕೋಳಿಗಳ ಮೇಲೆ. ಮೊದಲ ಮಹಾಯುದ್ಧದ ಹೊತ್ತಲ್ಲಿ ಇಲ್ಲಿ ಕಾಳುಕಡ್ಡಿಗೆ ಕಷ್ಟ ಬಂತು. ಬೇಡದ ಹುಂಜ ಮರಿಗಳಿಗೆ ಸುಮ್ನೆ ಮೇವು ಹಾಕುವ ಬದಲು, ಮೈಬಣ್ಣ ನೋಡಿ ಮೊದಲ ದಿನವೇ ಬೇರೆ ಮಾಡಬಹುದು ಅಂತ ಅವರು ಹೇಳಿದರು. ಆದರೆ ಅದು ಎರಡು ಬೇರೆ ಬೇರೆ ತಳಿ ಸೇರಿಸಿದಾಗ ಮೊದಲ ಪೀಳಿಗೆಗೆ ಮಾತ್ರ ನಡೆಯುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಎರಡು ತಳಿ ಸಾಕಬೇಕು. ಪೀಳಿಗೆಯಿಂದ ಪೀಳಿಗೆಗೆ ತಾನೇ ತಾನಾಗಿ ಈ ಗುರುತು ಉಳಿಯುವ ತಳಿ ಕಟ್ಟಬೇಕು ಅಂತ ಪನ್ನೆಟ್ ಮತ್ತು ಮೈಕಲ್ ಪೀಸ್ ಇಬ್ಬರೂ ಕೇಂಬ್ರಿಜ್‌ನಲ್ಲಿ ಕೂತು 1929ರಲ್ಲಿ ಕ್ಯಾಂಬಾರ್ ಅನ್ನೋ ಕೋಳಿ ಮಾಡಿದರು. ಆಮೇಲೆ ಲೆಗ್‌ಹಾರ್ನ್ ಜೊತೆ ಪಟ್ಟೆ ಪ್ಲಿಮತ್ ರಾಕ್ ಸೇರಿಸಿ ಲೆಗ್‌ಬಾರ್.

ನೀಲಿ ಬಣ್ಣ ಬಂದದ್ದು ಇನ್ನೂ ದೂರದಿಂದ. ಕ್ಲಾರೆನ್ಸ್ ಎಲಿಯಟ್ ಅಂತ ಒಬ್ಬ ಸಸ್ಯ ಸಂಗ್ರಾಹಕ ದಕ್ಷಿಣ ಅಮೆರಿಕದಿಂದ ಗಿಡಗಳ ಜೊತೆಗೆ ನೀಲಿ ಮೊಟ್ಟೆ ಇಡುವ ಕೋಳಿಗಳನ್ನೂ ತಂದ. ಚಿಲಿ ದೇಶದ ಅರೌಕಾನಾ ಕೋಳಿಗಳ ವಂಶ. ಅವು ಪನ್ನೆಟ್ ಕೈಗೆ ಬಂದವು. ನೀಲಿ ಮೊಟ್ಟೆಯ ಗುಣ ಒಂದೇ ಜೀನ್‌ನಿಂದ ಬರುತ್ತದೆ, ಅದು ಪ್ರಬಲ ಗುಣ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು ಅಂತ 1933ರಲ್ಲಿ ಅವರು ಬರೆದರು. ಆ ಜೀನ್‌ನಲ್ಲಿ ಆಗಿರುವುದೇನು ಅಂತ ಗೊತ್ತಾಗಲು 80 ವರ್ಷ ಬೇಕಾಯಿತು. ಹಿಂದೆ ಯಾವುದೋ ಕಾಲದಲ್ಲಿ ಒಂದು ವೈರಸ್‌ನ ತುಣುಕು ಕೋಳಿಯ ಡಿಎನ್‌ಎಯಲ್ಲಿ ಬಂದು ಕೂತುಬಿಟ್ಟಿದೆ. 2013ರಲ್ಲಿ ಅದನ್ನು ಕಂಡುಹಿಡಿದರು. ಚೀನಾದ ನೀಲಿ ಮೊಟ್ಟೆಯ ಕೋಳಿಗಳಲ್ಲೂ ಅದೇ ವೈರಸ್ ತುಣುಕು, ಆದರೆ ಅಲ್ಲಿ ಬೇರೆಯಾಗಿಯೇ ಬಂದು ಸೇರಿಕೊಂಡಿದೆ. ಲೆಗ್‌ಬಾರ್‌ಗೆ ಅರೌಕಾನಾ ರಕ್ತ ಸೇರಿ ಹುಟ್ಟಿದ್ದು ಕ್ರೀಮ್ ಲೆಗ್‌ಬಾರ್. ತಲೆಯ ಮೇಲೆ ಜುಟ್ಟಿನ ಹಿಂದೆ ಒಂದು ಗರಿಯ ಕುಚ್ಚು ಇದೆಯಲ್ಲ, ಅದೂ ಅರೌಕಾನಾ ಕಡೆಯದೇ. 1958ರಲ್ಲಿ ಇಲ್ಲಿ ಅದನ್ನು ತಳಿಯಾಗಿ ಒಪ್ಪಿಕೊಂಡರು. ಮುಂದೆ ಕಂದು ಮೊಟ್ಟೆಯೇ ಬೇಕು ಅನ್ನೋ ಕಾಲ ಬಂದು, ನೀಲಿ ಮೊಟ್ಟೆಯನ್ನು ಕೇಳುವವರಿಲ್ಲದೆ ಹೆಚ್ಚುಕಮ್ಮಿ ಕಾಣೆಯಾಗಿತ್ತು. ಕೆಲವರು ಹಟ ಹಿಡಿದು ಉಳಿಸಿಕೊಂಡರು.

ನೋಟ್ಸಿನಲ್ಲಿ ಬರೆದ ಹೆಸರಿನ ಮನುಷ್ಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವ ಊರಿನಲ್ಲಿ ಕೂತು ಕಟ್ಟಿದ ಕೋಳಿ ಅಂತ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಎರಡನೇ ಸಲ ಅಂಚೆ ಬೇಡ ಅಂತ ತೀರ್ಮಾನಿಸಿದೆ. ಈಲಿಯ ಉತ್ತರಕ್ಕೆ, ಫೆನ್ ಬಯಲಿನ ಒಂದು ಹಳ್ಳಿಯಲ್ಲಿ ಒಬ್ಬರು ಈ ತಳಿ ಸಾಕುತ್ತಾರೆ ಅಂತ ಕಂದು ಹೇಂಟೆ ಕೊಟ್ಟವರೇ ಹೇಳಿದರು. ಎಪ್ಪತ್ತು ದಾಟಿದ ಹೆಂಗಸು. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುತ್ತಿಲ್ಲ. ಈ ರಿವ್ಯೂನಲ್ಲಿ ಹೊಗಳಿಕೆ ಯಾರಿಗಾದರೂ ಸಲ್ಲಬೇಕು ಅಂದರೆ ಅದು ಇವರಿಗೆ.

ಇವರ ಹತ್ತಿರ ನಾಲ್ಕು ಬೇರೆ ಬೇರೆ ಗೂಡು. ಒಂದೊಂದರಲ್ಲಿ ಒಂದು ಹುಂಜ, ಐದಾರು ಹೇಂಟೆ. ಪ್ರತಿ ಹೇಂಟೆಯ ಕಾಲಿಗೆ ಬಣ್ಣದ ಉಂಗುರ. ಯಾವ ಹೇಂಟೆ ಯಾವ ಬಣ್ಣದ ಮೊಟ್ಟೆ ಇಡುತ್ತದೆ ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ನಾನು ಹೋದ ದಿನ ಒಂದು ತಟ್ಟೆಯ ತುಂಬ ಮೊಟ್ಟೆ ಇಟ್ಟು ತೋರಿಸಿದರು. "ನಿನಗೆ ಬೇಕಾದ್ದು ನೀನೇ ಆರಿಸಿಕೋ. ಆದರೆ ಈ ಹಸಿರು ಮೊಟ್ಟೆಯ ತಾಯಿ ತುಂಬಾ ಗಟ್ಟಿ ಕೋಳಿ. ಬರೀ ಬಣ್ಣ ನೋಡಿ ಅದನ್ನು ಬಿಡಬೇಡ" ಅಂದರು. ಮಾರುವವರು ಹೀಗೆ ಹೇಳುವುದನ್ನು ನಾನು ಕೇಳಿರಲಿಲ್ಲ. 10 ನೀಲಿ, 2 ಹಸಿರು ಆರಿಸಿದೆ. 12ಕ್ಕೆ 30 ಪೌಂಡ್. ಮೊಟ್ಟೆಯೆಲ್ಲ ನಾಲ್ಕು ದಿನದೊಳಗಿನವು. ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಮನೆಗೆ ತಂದೆ. ಗಂಡ ಅಷ್ಟು ನಿಧಾನ ಗಾಡಿ ಓಡಿಸಿದ್ದು ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಬಂದ ದಿನ ಮಾತ್ರ.

ಇನ್‌ಕ್ಯುಬೇಟರ್ 37.5 ಡಿಗ್ರಿ. ತೇವಾಂಶ ಮೊದಲ 18 ದಿನ 45ರಿಂದ 50, ಕೊನೆಯ ಮೂರು ದಿನ 65ರ ಮೇಲೆ. 18ನೇ ದಿನ ಹೊರಳಿಸುವುದು ನಿಲ್ಲಿಸಿ, ಮುಚ್ಚಳ ಮುಚ್ಚಿದರೆ ಮತ್ತೆ ತೆಗೆಯುವ ಹಾಗಿಲ್ಲ. ನಮ್ಮಜ್ಜಿ ಇಷ್ಟನ್ನೂ ಒಂದು ಕುಕ್ಕೆಯಲ್ಲಿ ಮಾಡುತ್ತಿದ್ದಳು. ಹುಲ್ಲು ಹಾಸಿ, ಹನ್ನೊಂದೋ ಹದಿಮೂರೋ ಬೆಸ ಲೆಕ್ಕದಲ್ಲಿ ಮೊಟ್ಟೆ ಇಟ್ಟು, ಗುಡುಗಿಗೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರು ಸೇರಿಸಿ, ಮೇಲೆ ಕೋಳಿ ಕೂರಿಸಿಬಿಟ್ಟರೆ ಆಯಿತು. ಕಾವು, ತೇವ, ಹೊರಳಿಸುವುದು ಎಲ್ಲ ಕೋಳಿಯ ಜವಾಬ್ದಾರಿ. ಮೊಟ್ಟೆಯನ್ನು ಬಿಸಿಲಿಗೆ ಹಿಡಿದು, ಬೆರಳು ಅಡ್ಡ ಮಾಡಿ, ಇದು ಗೊಡ್ಡು ಅಂತ ಎತ್ತಿಡುತ್ತಿದ್ದಳು. ನಾನು ಟಾರ್ಚ್‌ನಲ್ಲಿ ನೋಡುವುದು ಅದನ್ನೇ. ಇಪ್ಪತ್ತೊಂದು ದಿನದ ಲೆಕ್ಕ ಅವಳಿಗೂ ಒಂದೇ, ನನಗೂ ಒಂದೇ. ಲೆಗ್‌ಬಾರ್ ತಾನಾಗಿ ಕಾವಿಗೆ ಕೂರುವುದು ಕಮ್ಮಿ. ಲೆಗ್‌ಹಾರ್ನ್ ರಕ್ತ ಅದು. ಹಾಗಾಗಿ ಇನ್‌ಕ್ಯುಬೇಟರ್ ಖರ್ಚನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

20ನೇ ದಿನ ಸಂಜೆ ಕೆಲಸದಿಂದ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಕೋಣೆಯಿಂದ ಸಣ್ಣ ದನಿ ಕೇಳಿಸಿತು. ಹೋಗಿ ನೋಡಿದರೆ ಒಂದು ನೀಲಿ ಮೊಟ್ಟೆಯ ದಪ್ಪ ತುದಿಯ ಹತ್ತಿರ ಎಳ್ಳಿನಷ್ಟು ಬಿರುಕು. ಒಳಗಿನಿಂದ ಮರಿ ಕೂಗುತ್ತಿದೆ. ಅದರ ಪಕ್ಕದ ಮೊಟ್ಟೆ ಅಲುಗಾಡಿತು, ಅದಕ್ಕೆ ಉತ್ತರ ಕೊಟ್ಟ ಹಾಗೆ. ರಾತ್ರಿ ಹನ್ನೊಂದಕ್ಕೆ ಬಿರುಕು ದೊಡ್ಡದಾಗಿ ಕೊಕ್ಕಿನ ತುದಿ ಕಾಣಿಸಿತು. ಆ ತುದಿಯಲ್ಲಿ ಬಿಳಿ ಚುಕ್ಕೆಯಂಥ ಒಂದು ಹಲ್ಲು. ಅದರಿಂದಲೇ ಚಿಪ್ಪು ಕೊರೆಯುವುದು. ಹುಟ್ಟಿ ಒಂದೆರಡು ದಿನಕ್ಕೆ ಅದು ಉದುರಿಹೋಗುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಸತ್ತೇಹೋಯಿತೇನೋ ಅಂತ ನನಗೆ ಭಯ. ಕೈ ಹಾಕಿ ಚಿಪ್ಪು ಬಿಡಿಸಬೇಡಿ, ಆ ಹೊತ್ತಲ್ಲಿ ಮರಿ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ ಅಂತ ಆ ಹೆಂಗಸು ಮೊದಲೇ ಹೇಳಿದ್ದರು. ಕೈ ಕಟ್ಟಿ ಕೂತೆ. ಬೆಳಗಿನ ಜಾವ ಐದರ ಹೊತ್ತಿಗೆ ಚಿಪ್ಪಿನ ಸುತ್ತ ಗೆರೆ ಎಳೆದ ಹಾಗೆ ಬಿಟ್ಟುಕೊಂಡಿತು. ಮರಿ ಒಂದು ಸಲ ಒದ್ದು ಹೊರಗೆ ಬಿತ್ತು. ಒದ್ದೆ ಮೈ, ಮುದುಡಿದ ಕತ್ತು. ಅಷ್ಟು ಹೊತ್ತಿಗೆ ಮಗಳೂ ಎದ್ದು ಬಂದು ನನ್ನ ಶಾಲಿನೊಳಗೆ ಸೇರಿಕೊಂಡಿದ್ದಳು.

ಮೈ ಒಣಗಿದ ಮೇಲೆ ನೋಡಿದರೆ ಬೆನ್ನಿನ ಮೇಲೆ ಗೆರೆ. ನಮ್ಮ ಅಳಿಲಿನ ಬೆನ್ನಿನ ಗೆರೆಯ ಹಾಗೇ, ಕಡು ಕಂದು ಪಟ್ಟಿ, ಪಕ್ಕದಲ್ಲಿ ತಿಳಿ ಪಟ್ಟಿ, ಅಂಚು ಸ್ಪಷ್ಟ. ಕಣ್ಣಿನಿಂದ ಹಿಂದಕ್ಕೆ ಕಾಡಿಗೆ ಎಳೆದ ಹಾಗೆ ಇನ್ನೊಂದು ಗೆರೆ. ಇದು ಹೇಂಟೆ. ಮೂರನೆಯದಾಗಿ ಬಂದ ಮರಿಯ ಮೈಬಣ್ಣ ಮಾಸಲು. ಗೆರೆಗಳೆಲ್ಲ ನೀರು ಬಿದ್ದ ಶಾಯಿಯ ಹಾಗೆ ಹರಡಿಕೊಂಡಿವೆ. ನೆತ್ತಿಯ ಮೇಲೆ ದೊಡ್ಡ ತಿಳಿ ಹಳದಿ ಮಚ್ಚೆ. ಇದು ಹುಂಜ. 9 ಮರಿಯಲ್ಲಿ ಒಂದಕ್ಕೂ ಅನುಮಾನ ಬರಲಿಲ್ಲ. ಮಗಳೇ ಎಣಿಸಿ 5 ಹೇಂಟೆ, 4 ಹುಂಜ ಅಂದಳು. ಆರು ವಾರ ಕಳೆದ ಮೇಲೂ ಲೆಕ್ಕ ಅದೇ ಇತ್ತು.

ಇದರ ಗುಟ್ಟು ಪಟ್ಟೆ ಗರಿಯ ಜೀನ್. ಮನುಷ್ಯರಲ್ಲಿ ಗಂಡಿಗೆ ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮ್. ಕೋಳಿಯಲ್ಲಿ ಉಲ್ಟಾ, ಹೇಂಟೆಗೆ ಎರಡು ಬೇರೆ ಬೇರೆ, ಹುಂಜಕ್ಕೆ ಒಂದೇ ಥರದ ಎರಡು. ಹುಂಜಕ್ಕೆ ಎರಡಿರುವ ಆ ಕ್ರೋಮೋಸೋಮ್ ಮೇಲೆಯೇ ಪಟ್ಟೆಯ ಜೀನ್ ಇರುವುದು. ಹಾಗಾಗಿ ಹುಂಜಕ್ಕೆ ಎರಡು ಪಾಲು, ಹೇಂಟೆಗೆ ಒಂದೇ ಪಾಲು. ಆ ಜೀನ್ ಕಪ್ಪು ಬಣ್ಣವನ್ನು ತಿಳಿ ಮಾಡುತ್ತದೆ. ಎರಡು ಪಾಲು ಬಿದ್ದ ಮರಿ ಜಾಸ್ತಿ ಮಾಸಲು. ಅಷ್ಟೇ.

ಅವ್ವನಿಗೆ ಮರಿಗಳನ್ನು ತೋರಿಸಿದಾಗ ಅವಳು ಬಣ್ಣದ ಮೊಟ್ಟೆಯ ವಿಷಯ ಎತ್ತಲೇ ಇಲ್ಲ. "ಒಂದೇ ದಿನಕ್ಕೆ ಹೇಂಟೆ ಯಾವ್ದು ಅಂತ ಗೊತ್ತಾಯ್ತದಾ? ಅಜ್ಜಿ ಇದ್ದಿದ್ರೆ ಇದ್ನ ನಂಬ್ತಾನೇ ಇರ್ಲಿಲ್ಲ ಕಣೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕುಕ್ಕೆ ಇನ್ನೂ ಅಟ್ಟದ ಮೇಲೇ ಇದೆ ಅಂದಳು.

ಹುಂಜ ಮರಿಗಳ ವಿಷಯ ಮುಚ್ಚಿಡದೆ ಬರೆಯಬೇಕು. ಮೊಟ್ಟೆ ಕೊಟ್ಟ ಹೆಂಗಸು ಹುಂಜಗಳನ್ನು ಆರು ವಾರಕ್ಕೆ ವಾಪಸ್ ತಗೋತೀನಿ ಅಂತ ಮೊದಲೇ ಹೇಳಿದ್ದರು. ಮೂರನ್ನು ಕೊಟ್ಟೆ. ಅವು ಬೆಳೆದು ಅವರ ಮನೆಯ ಊಟಕ್ಕೆ ಹೋಗುತ್ತವೆ. ಅದನ್ನೂ ಅವರು ನೇರವಾಗಿಯೇ ಹೇಳಿದರು. ಮಗಳು ಅತ್ತಳು. ನಾವು ಕೋಳಿ ಸಾರು ತಿನ್ನುವವರೇ. ಮೊಟ್ಟೆ ಬೇಕು, ಹುಂಜ ಬೇಡ ಅಂದರೆ ಆ ಹುಂಜ ಎಲ್ಲಿಗೋ ಹೋಗಲೇಬೇಕು ಅಂತ ಅವಳಿಗೆ ಸುತ್ತುಬಳಸದೆ ಹೇಳಿದೆ. ಒಂದು ಹುಂಜವನ್ನು ಉಳಿಸಿಕೊಂಡೆವು. ಪಕ್ಕದ ಮನೆಯವರನ್ನು ಕೇಳಿ, ಒಪ್ಪಿಸಿ, ರಾತ್ರಿ ಹೊತ್ತು ಅದನ್ನು ಕತ್ತಲೆ ಮಾಡಿದ ಗೂಡಿನಲ್ಲಿ ಇಟ್ಟು, ಬೆಳಿಗ್ಗೆ ಏಳೂವರೆಗೆ ಬಿಡುತ್ತೇವೆ.

ಮೊದಲ ನೀಲಿ ಮೊಟ್ಟೆ ಸಿಕ್ಕಿದ್ದು ಸೆಪ್ಟೆಂಬರ್ 29ಕ್ಕೆ. ಅಲ್ಲಿಂದ ಒಂದು ವರ್ಷ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟೆ. 5 ಹೇಂಟೆಗೆ 842 ಮೊಟ್ಟೆ. ಒಂದೊಂದು ಕೋಳಿಯ ಲೆಕ್ಕದಲ್ಲಿ ನೋಡಿದರೆ ಕಂದು ಹೈಬ್ರಿಡ್ ಮೊದಲ ವರ್ಷ ಇದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿದ್ದವು. ಡಿಸೆಂಬರ್‌ನಲ್ಲಿ ಹಗಲು ಚಿಕ್ಕದಾದಾಗ ವಾರಕ್ಕೆ ನಾಲ್ಕೈದು ಸಿಕ್ಕರೆ ಹೆಚ್ಚು. ನಾಲ್ಕು ಹೇಂಟೆಗಳದ್ದು ನೀಲಿ, ಒಂದರದ್ದು ತಿಳಿ ಹಸಿರು. ವರ್ಷದ ಕೊನೆಗೆ ಬಣ್ಣ ಸ್ವಲ್ಪ ತೆಳುವಾಗುತ್ತದೆ, ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಗಾಢ. ರುಚಿ ಬೇರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊಟ್ಟೆ ಸಾರು ಮಾಡಿದರೂ ಅಷ್ಟೇ, ಪಲ್ಯ ಮಾಡಿದರೂ ಅಷ್ಟೇ. ಹಳದಿ ಗಾಢವಾಗುವುದು ಹಸಿರು ತಿಂದರೆ. ಅದಕ್ಕೂ ಚಿಪ್ಪಿನ ಬಣ್ಣಕ್ಕೂ ಸಂಬಂಧ ಇಲ್ಲ.

ಸ್ವಭಾವದಲ್ಲಿ ಇವು ನಮ್ಮ ನಾಟಿ ಕೋಳಿಗೆ ಹತ್ತಿರ. ಚುರುಕು. ಇಡೀ ದಿನ ಕೆದಕುತ್ತವೆ. ನಾಲ್ಕು ಅಡಿ ಬೇಲಿ ಲೆಕ್ಕಕ್ಕೇ ಇಲ್ಲ, ಹಾರಿ ಹೊಲಕ್ಕೆ ಹೋಗುತ್ತವೆ. ನಾವು ಆರು ಅಡಿ ಮಾಡಿಸಿ ಮೇಲೆ ಬಲೆ ಹಾಕಿಸಿದೆವು. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಒಂದು ಥರ ಉದ್ದ ದನಿ ತೆಗೆಯುತ್ತದೆ, ಐದೂ ಹೇಂಟೆ ಪೊದೆಯೊಳಗೆ ಮಾಯ. ತೊಡೆಯ ಮೇಲೆ ಕೂರುವ ಕೋಳಿ ಬೇಕು ಅಂದರೆ ಇದನ್ನು ತರಬೇಡಿ. ಚಿಕ್ಕ ಜಾಗದಲ್ಲಿ ಮುಚ್ಚಿಟ್ಟು ಸಾಕುವವರಿಗೂ ಇದು ಬೇಡ. ಇಲ್ಲಿ ಹಕ್ಕಿಜ್ವರ ಬಂದಾಗ ಕೋಳಿಗಳನ್ನು ಒಳಗೇ ಇಡಬೇಕು ಅಂತ ಸರ್ಕಾರ ಆದೇಶ ಹೊರಡಿಸುತ್ತದೆ. 2022ರ ನವೆಂಬರ್ 7ರಿಂದ ಮುಂದಿನ ಏಪ್ರಿಲ್‌ವರೆಗೆ ಇಡೀ ಇಂಗ್ಲೆಂಡಿಗೆ ಹಾಗೆ ಆಗಿತ್ತು. ಆಗ ನಮ್ಮ ಎರಡು ಕಂದು ಹೇಂಟೆಗಳು ಹೇಗೋ ತಡೆದುಕೊಂಡವು. ಲೆಗ್‌ಬಾರ್ ಆದರೆ ಒಂದನ್ನೊಂದು ಕುಕ್ಕಲು ಶುರು ಮಾಡುತ್ತವೆ. ಚಾವಣಿ ಇರುವ ದೊಡ್ಡ ಜಾಗ ಮೊದಲೇ ಮಾಡಿಕೊಳ್ಳಿ.

ಇಲ್ಲಿರುವ ಕನ್ನಡದವರಿಗೆ ಎರಡು ಮಾತು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಒಂದೇ ಒಂದು ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸಬೇಕು. ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಇನ್ನೊಂದು, ಅಡುಗೆಮನೆಯಲ್ಲಿ ಉಳಿದದ್ದನ್ನು ಕೋಳಿಗೆ ಹಾಕುವ ಹಾಗಿಲ್ಲ. ಮಿಕ್ಕ ಅನ್ನ, ತರಕಾರಿ ಸಿಪ್ಪೆ, ಯಾವುದೂ ಇಲ್ಲ. ಇಲ್ಲಿನ ಕಾನೂನು ಅದು, ರೋಗ ಹರಡಬಾರದು ಅಂತ. ಊರಲ್ಲಿ ಮುಸುರೆ ನೀರಿನ ಅನ್ನದ ಅಗುಳು ತಿಂದು ಬೆಳೆದ ಕೋಳಿಗಳನ್ನು ನೋಡಿದ ನನಗೆ ಇದು ಒಗ್ಗಲು ಬಹಳ ದಿನ ಬೇಕಾಯಿತು. ಈಗ ಹಿತ್ತಲಿನಲ್ಲಿ ಅವಕ್ಕೆಂದೇ ಒಂದು ಮಡಿ ಮೆಂತ್ಯ ಸೊಪ್ಪು ಹಾಕಿದ್ದೇನೆ. ಮಡಿಯಿಂದ ಕಿತ್ತು ನೇರ ಗೂಡಿಗೆ ಹಾಕಿದರೆ ಕಾನೂನಿನ ತೊಂದರೆ ಇಲ್ಲ. ಅದನ್ನು ಕಂಡರೆ ಓಡಿ ಬರುತ್ತವೆ.

ಊರಿಂದ ಕೇಳುವವರೂ ಇದ್ದಾರೆ, ಬರುವಾಗ ನಾಲ್ಕು ಮೊಟ್ಟೆ ತಂದುಕೊಡಿ ಅಂತ. ದಯವಿಟ್ಟು ಕೇಳಬೇಡಿ. ಪರವಾನಗಿ ಇಲ್ಲದೆ ಮರಿ ಮೊಟ್ಟೆ ದೇಶದೊಳಗೆ ತರುವುದು ತಪ್ಪು. ಕೋಳಿಯ ರೋಗಕ್ಕೆ ಗಡಿ ಗೊತ್ತಿಲ್ಲ. ನಾವು ಕೊಕ್ಕರೆ ರೋಗ ಅನ್ನುತ್ತೇವಲ್ಲ, ಅದನ್ನು ಇಲ್ಲಿ ನ್ಯೂಕ್ಯಾಸಲ್ ಊರಿನ ಹೆಸರಲ್ಲಿ ಕರೆಯುತ್ತಾರೆ, ನಮ್ಮ ದೇಶದಲ್ಲಿ ರಾಣಿಖೇತ್ ಹೆಸರಲ್ಲಿ. ಕಾಯಿಲೆ ಒಂದೇ.

ಉಳಿಸಿಕೊಂಡ ಹುಂಜದ ವಿಷಯ ಬಾಕಿ ಇದೆ. ಅದರಿಂದ ಮುಂದೆ ಮರಿ ಮಾಡಿಸಬೇಕಾದರೆ ಅದರ ಮೈಯಲ್ಲಿ ನೀಲಿ ಜೀನ್ ಎರಡು ಪಾಲು ಇದೆಯಾ, ಒಂದೇ ಪಾಲಾ ಅಂತ ಗೊತ್ತಾಗಬೇಕು. ಹುಂಜ ಮೊಟ್ಟೆ ಇಡುವುದಿಲ್ಲವಲ್ಲ, ನೋಡಿ ಹೇಳುವ ಹಾಗಿಲ್ಲ. ಅರೌಕಾನಾ ಆಗಿದ್ದರೆ ಜುಟ್ಟಿನ ಆಕಾರ ನೋಡಿ ಸ್ವಲ್ಪ ಅಂದಾಜು ಸಿಗುತ್ತಿತ್ತು, ಅವೆರಡು ಜೀನ್ ಒಂದರ ಪಕ್ಕ ಒಂದು ಕೂತಿರುತ್ತವೆ. ಲೆಗ್‌ಬಾರ್‌ಗೆ ಜುಟ್ಟು ಬೇರೆ ಥರ, ಆ ದಾರಿ ಇಲ್ಲ. ಹೆಂಗಸಿಗೆ ಫೋನ್ ಮಾಡಿದೆ. "ನಿನ್ನ ಕಂದು ಹೇಂಟೆಗಳ ಜೊತೆ ಬಿಡು. ಹುಟ್ಟಿದ ಹೆಣ್ಣುಮರಿಗಳೇ ಹೇಳುತ್ತವೆ" ಅಂದರು. ಕಾಗದ ತೆಗೆದು ನಾಲ್ಕು ಮನೆಯ ಚೌಕ ಬರೆದೆ, ಪಿಯುಸಿ ಆದ ಮೇಲೆ ಮೊದಲ ಸಲ. ಎರಡು ಪಾಲು ಇದ್ದರೆ ಹೆಣ್ಣುಮಕ್ಕಳೆಲ್ಲ ಹಸಿರು ಮೊಟ್ಟೆ ಇಡುತ್ತಾರೆ, ನೀಲಿ ಚಿಪ್ಪಿನ ಮೇಲೆ ತಾಯಿಯ ಕಂದು ಹತ್ತಿ ಹಸಿರು. ಒಂದೇ ಪಾಲಾದರೆ ಅರ್ಧಕ್ಕರ್ಧ ಕಂದು.

2025ರ ಏಪ್ರಿಲ್‌ನಲ್ಲಿ 10 ಕಂದು ಮೊಟ್ಟೆ ಇಟ್ಟೆ. 8 ಮರಿ. ಈ ಸಲ ನೆತ್ತಿಯ ಮಚ್ಚೆ ನೋಡಿ ಏನೂ ಹೇಳಲಾಗಲಿಲ್ಲ. ತಾಯಿಗೆ ಪಟ್ಟೆ ಜೀನ್ ಇಲ್ಲ, ಹಾಗಾಗಿ ಗಂಡುಮರಿಗೂ ಹೆಣ್ಣುಮರಿಗೂ ಅಪ್ಪನಿಂದ ಬಂದ ಒಂದೊಂದೇ ಪಾಲು. ತಂದೆ ತಾಯಿ ಎರಡೂ ಲೆಗ್‌ಬಾರ್ ಆದರೆ ಮಾತ್ರ ಆ ಗುರುತು ನಿಲ್ಲುವುದು. ಕೊಳ್ಳುವಾಗ ಇದನ್ನು ನೆನಪಿಡಿ. ಲೆಗ್‌ಬಾರ್ ಮಿಶ್ರ ತಳಿ, ಮೊದಲ ದಿನವೇ ಹೆಣ್ಣು ಗಂಡು ಹೇಳುತ್ತೇವೆ ಅಂತ ಯಾರಾದರೂ ಮಾರಿದರೆ ತಾಯಿ ಯಾವ ತಳಿ ಅಂತ ಕೇಳಿ. ನಾನು ಅಜ್ಜಿಯ ಹಾಗೆ ಜುಟ್ಟು ಕೆಂಪಾಗುವವರೆಗೆ ಆರು ವಾರ ಕಾದೆ. 5 ಹೇಂಟೆ, 3 ಹುಂಜ. ಹುಂಜಗಳನ್ನು ಈ ಸಲವೂ ಆ ಹೆಂಗಸೇ ತಗೊಂಡರು.

ಸೆಪ್ಟೆಂಬರ್ ಕೊನೆಯಿಂದ ಮೊಟ್ಟೆ ಶುರುವಾಗಿದೆ. ಮೊದಲನೆಯದರ ಬಣ್ಣ ಹೆಸರುಕಾಳಿನ ಹಸಿರು. ಎರಡನೆಯದೂ ಹಸಿರು. ಮೂರು, ನಾಲ್ಕು ಕೂಡ. ಒಂದೇ ಪಾಲಿನ ಹುಂಜವಾಗಿದ್ದರೆ ನಾಲ್ಕೂ ಹಸಿರಾಗುವ ಅವಕಾಶ 16ಕ್ಕೆ 1. ಐದನೆಯದು ಇನ್ನೂ ಇಟ್ಟಿಲ್ಲ. ಜುಟ್ಟು ಕೆಂಪಾಗಿದೆ, ಎರಡು ದಿನದಿಂದ ಗೂಡಿನ ಮೂಲೆಯ ಹುಲ್ಲು ಕೆದಕಿ ಕೂತು ಏಳುತ್ತಿದೆ. ಇಟ್ಟ ದಿನವೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ ಅಂತ ಹೆಂಗಸು ಹೇಳಿದ್ದಾರೆ.